ಪಕ್ಕದ ಹಾಳೆ

ಆ ಹಳೇ ದಾಖಲೆಗಳ ಕೋಣೆಯ ಬೀಗ ತೆಗೆದ ದಿನ ನಾನು ಮಾಡಿದ ಮೊದಲ ಕೆಲಸ ಅಂದ್ರೆ, ಯಾರನ್ನೂ ಒಳಗೆ ಬಿಡದೆ ಇದ್ದದ್ದು. ಕಚೇರಿಯವರು ಒಳ್ಳೆ ಮನಸ್ಸಿನಿಂದಲೇ ನಾಲ್ಕು ಜನ ಆಳುಗಳನ್ನು ಕರೆಸಿದ್ದರು. ಪೊರಕೆ, ಬುಟ್ಟಿ, ಹೊಸ ಕೆಂಪು ಬಟ್ಟೆ ಎಲ್ಲಾ ತಯಾರಿತ್ತು. "ಮೇಡಂ, ಮಧ್ಯಾಹ್ನದೊಳಗೆ ಗುಡಿಸಿ, ವರ್ಷದ ಪ್ರಕಾರ ಜೋಡಿಸಿ ಕೊಟ್ಟುಬಿಡ್ತೀವಿ" ಅಂದರು. ನಾನು ಕೈ ಮುಗಿದು ಬೇಡ ಅಂದೆ. ಬಾಗಿಲಲ್ಲೇ ನಿಂತು ಫೋಟೋ ತೆಗೆದೆ. ಆಮೇಲೆ ಒಬ್ಬಳೇ ಒಳಗೆ ಹೋಗಿ ಪ್ರತಿ ಕಪಾಟಿಗೂ, ಪ್ರತಿ ಹಲಗೆಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ನೆಲದ ಮೇಲೆ ಬಿದ್ದಿದ್ದ ಗಂಟುಗಳಿಗೂ, ಅವು ಬಿದ್ದಿದ್ದ ಜಾಗಕ್ಕೂ ನಂಬರ್. ಎರಡು ದಿನ ಬರೀ ಇದೇ ಆಯಿತು. ಒಂದು ಗಂಟನ್ನೂ ಬಿಚ್ಚಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಒಂದು ಹಳೇ ಕಚೇರಿ ಅದು. ಯಾವುದು ಅಂತ ಹೇಳೋದು ಬೇಡ. ಅಲ್ಲಿನ ದಾಖಲೆಗಳನ್ನು ನೋಡಿ, ಉಳಿಸಬೇಕಾದ್ದನ್ನು ಬೇರೆ ಮಾಡಿ, ಪಟ್ಟಿ ತಯಾರಿಸಿ, ಹಳೇ ಸರ್ಕಾರಿ ದಾಖಲೆಗಳನ್ನು ಕಾಪಾಡುವ ಪತ್ರಾಗಾರಕ್ಕೆ ಕಳಿಸಬೇಕಾಗಿತ್ತು. ನನ್ನ ನೌಕರಿಯೇ ಅದು.

ಪತ್ರಾಗಾರ ಅಂದ ತಕ್ಷಣ ಜನ "ಲೈಬ್ರರಿನಾ?" ಅಂತ ಕೇಳ್ತಾರೆ. ಅಲ್ಲ. ಲೈಬ್ರರಿಯ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ಎಲ್ಲೋ ಸಿಗುತ್ತದೆ. ಅಮಲ್ದಾರರು, ಅಂದರೆ ಆಗಿನ ತಹಶೀಲ್ದಾರರು, ಒಂದು ಹಳ್ಳಿಯ ಪಟೇಲರಿಗೆ ಬರೆದ ಕಾಗದ ಇರುವುದು ಒಂದೇ. ಇನ್ನೊಂದು ವ್ಯತ್ಯಾಸವೂ ಇದೆ, ಅದು ನನಗೆ ಇನ್ನೂ ಮುಖ್ಯ. ಪುಸ್ತಕ ತನ್ನಷ್ಟಕ್ಕೆ ತಾನೇ ಪೂರ್ತಿ. ಕಚೇರಿ ಕಾಗದ ಹಾಗಲ್ಲ. ಅದು ಯಾವುದೋ ಪ್ರಶ್ನೆಗೆ ಉತ್ತರ, ಇಲ್ಲಾ ಯಾವುದೋ ಉತ್ತರಕ್ಕೆ ಕಾರಣ. ಅದರ ಹಿಂದಿನ ಹಾಳೆ, ಮುಂದಿನ ಹಾಳೆ ಇಲ್ಲದಿದ್ದರೆ ಅದರ ಅರ್ಧ ಮಾತು ಹೋದ ಹಾಗೆಯೇ.

ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮನಸ್ಸಿಗೆ ಇಳಿದದ್ದು ಮಾತ್ರ ತಪ್ಪು ಮಾಡಿದ ಮೇಲೆ. ನೌಕರಿಗೆ ಸೇರಿದ ಹೊಸದರಲ್ಲಿ ಬೇರೊಂದು ಊರಲ್ಲಿ ನಾನು ಎರಡು ಗಂಟುಗಳನ್ನು ಒಟ್ಟಿಗೆ ಬಿಚ್ಚಿ, ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದೆ. ನೋಡೋಕೆ ಬಹಳ ಚೆನ್ನಾಗಿತ್ತು. ವಾರ ಕಳೆದ ಮೇಲೆ ಗೊತ್ತಾಯಿತು, ಅವೆರಡೂ ಬೇರೆ ಬೇರೆ ಶಾಖೆಯ ಗಂಟುಗಳು. ಯಾವ ಅರ್ಜಿಗೆ ಯಾವ ಷರಾ (ಟಿಪ್ಪಣಿ), ಯಾವ ನಕ್ಷೆ ಯಾವ ತಕರಾರಿಗೆ ಸೇರಿದ್ದು ಅನ್ನೋದನ್ನು ಹಿಂದಕ್ಕೆ ತರಲು ಆಗಲೇ ಇಲ್ಲ. ನೂರು ವರ್ಷ ಯಾರೂ ಮುಟ್ಟದೆ ಸರಿಯಾಗಿದ್ದದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದೆ. ಆ ಎರಡು ಗಂಟು ಈಗಲೂ ನನಗೆ ನೆನಪಾಗ್ತಾ ಇರುತ್ತವೆ.

ಈ ಕಚೇರಿಯ ಹಳೇ ಅಟೆಂಡರ್ ಒಬ್ಬರಿದ್ದರು. ನಾನು ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಈ ದಾಖಲೆ ಕೋಣೆಯ ಕೀಲಿ ಇಪ್ಪತ್ತು ವರ್ಷದಿಂದ ಅವರ ಸೊಂಟದಲ್ಲೇ. ಮೂರನೇ ದಿನ ಅವರು ಕೇಳಿದರು: "ಅಲ್ಲಾ ತಾಯಿ, ಕಸ ಬಿದ್ದ ಜಾಗಕ್ಕೂ ನಂಬರ್ ಯಾಕೆ?" ನಾನು ಹೇಳಿದೆ: "ಅಣ್ಣಾ, ಯಾರ ಮನೆಯವರು ಅಂತ ಗೊತ್ತಾಗಬೇಕಲ್ಲ." ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಮೂಲೆಯ ಒಂದು ರಾಶಿ ತೋರಿಸಿ, "ಹಂಗಾದ್ರೆ ಅದು ಅಲ್ಲಿಂದಲ್ಲ. ಸೂರು ಸೋರಿದಾಗ ನಾನೇ ಆಕಡೆ ಬೀರುವಿಂದ ತಂದು ಹಾಕಿದ್ದು" ಅಂದರು. ಯಾವ ರಿಜಿಸ್ಟರಿನಲ್ಲೂ ಸಿಗದ ಮಾಹಿತಿ ಅದು. ಅವತ್ತಿನಿಂದ ಅವರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಬಂದೆ. ಅದೂ ಈಗ ದಾಖಲೆಗಳ ಜೊತೆಗೇ ಇದೆ.

ದುರ್ಗದ ಹವೆ ಕಾಗದಕ್ಕೆ ಒಳ್ಳೆಯದು. ಒಣ ಸೀಮೆ. ಮಲೆನಾಡಿನ ಕಡತಗಳಿಗೆ ಹಿಡಿಯುವಷ್ಟು ಬೂಸ್ಟು ಇಲ್ಲಿ ಹಿಡಿಯುವುದಿಲ್ಲ. ಇಲ್ಲಿ ಕಾಟ ಕೊಡುವುದು ಧೂಳು, ಗೆದ್ದಲು, ಸೋರುವ ಸೂರು. ನೆನೆದ ಗಂಟುಗಳನ್ನು ಜನ ಪ್ರೀತಿಯಿಂದಲೇ ಹಪ್ಪಳದ ಹಾಗೆ ಬಿಸಿಲಿಗೆ ಹಾಕಿಬಿಡ್ತಾರೆ. ದಯವಿಟ್ಟು ಹಾಕಬೇಡಿ. ಬಿಸಿಲಿಗೆ ಕಾಗದ ಗರಿಗರಿಯಾಗಿ ಮುರಿಯುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ ಹರಡಿ, ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ದೂರದಲ್ಲಿ ಫ್ಯಾನ್ ಹಾಕಿದರೆ ಸಾಕು. ಬೂಸ್ಟು ಹಿಡಿದದ್ದನ್ನು ಬೇರೆ ಕೋಣೆಗೆ ಸಾಗಿಸಬೇಕು. ಪತ್ರಾಗಾರಗಳಲ್ಲಿ ಅದಕ್ಕೆ ಥೈಮಾಲ್ ಹೊಗೆ ಕೊಡುವ ಪದ್ಧತಿ ಇತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಬಲ್ಬಿನ ಶಾಖಕ್ಕೆ ಥೈಮಾಲ್ ಆವಿಯಾಗಿ ಕಾಗದಕ್ಕೆ ತಾಗುತ್ತದೆ. ನಮ್ಮ ಓಮದ ಕಾಳಿನಲ್ಲಿರುವ ಸತ್ವವೇ ಅದು, ವಾಸನೆಯೂ ಅದೇ.

ಗಂಟು ಬಿಚ್ಚಲು ಶುರು ಮಾಡಿದ ಮೇಲೆ ಕೆಲಸ ನಿಧಾನ. ಮೆತ್ತನೆ ಬ್ರಷ್ಷಿನಿಂದ ಹಾಳೆಯ ನಡುವಿನಿಂದ ಅಂಚಿಗೆ ಧೂಳು ತೆಗೆಯಬೇಕು. ಅಂಚಿನಿಂದ ನಡುವಿಗೆ ಎಳೆದರೆ ಹರಿಯುತ್ತದೆ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಎಳೆಯಬಾರದು, ಹಿಂದಿನಿಂದ ಸಡಿಲ ಮಾಡಿ ತೆಗೆಯಬೇಕು. ಪಿನ್ನು ಇದ್ದಲ್ಲೆಲ್ಲ ಕಂದು ಕಲೆ, ಕಲೆ ಇದ್ದಲ್ಲೆಲ್ಲ ತೂತು. ಕೆಲವು ಹಳೇ ಕಟ್ಟುಗಳಲ್ಲಿ ಪಿನ್ನಿನ ಬದಲು ಜಾಲಿ ಮುಳ್ಳು ಚುಚ್ಚಿದ್ದರು. ಅಷ್ಟು ವರ್ಷವಾದರೂ ಮುಳ್ಳಿನ ಸುತ್ತ ಕಲೆ ಇಲ್ಲ. ಊರ ಹೊರಗಿನ ಜಾಲಿ ಗಿಡದಿಂದ ಯಾರೋ ಗುಮಾಸ್ತರು ಕಿತ್ತು ತಂದ ಮುಳ್ಳು, ಕಬ್ಬಿಣಕ್ಕಿಂತ ಚೆನ್ನಾಗಿ ಕಾಗದವನ್ನು ಕಾಪಾಡಿತ್ತು. ಆ ಮುಳ್ಳುಗಳನ್ನೂ ನಾನು ಬಿಸಾಡಿಲ್ಲ. ಸಣ್ಣ ಲಕೋಟೆಗೆ ಹಾಕಿ, ಯಾವ ಕಟ್ಟಿನದು ಅಂತ ಬರೆದಿಟ್ಟಿದ್ದೇನೆ.

ಲಿಪಿಯದ್ದೇ ಇನ್ನೊಂದು ಕಷ್ಟ, ಆಳುವವರು ಬದಲಾದ ಹಾಗೆ ಕಾಗದದ ಭಾಷೆಯೂ ಬದಲಾಗುತ್ತಿತ್ತು. ಹೈದರಾಲಿ ದುರ್ಗದ ಕೋಟೆ ಹಿಡಿದದ್ದು 1779ರಲ್ಲಿ. ಟಿಪ್ಪು ಸತ್ತ ಮೇಲೆ, 1799ರಲ್ಲಿ, ಈ ಸೀಮೆ ಮೈಸೂರು ಒಡೆಯರ ಪಾಲಿಗೆ ಬಂತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ್ ಆಳ್ವಿಕೆ, ಆಮೇಲೆ ಮತ್ತೆ ಒಡೆಯರು. ಹಳೇ ಮೈಸೂರಿನ ಲೆಕ್ಕಪತ್ರಗಳಲ್ಲಿ ಕನ್ನಡದ ಜೊತೆ ಮರಾಠಿಯೂ ಇರುತ್ತಿತ್ತು, ಅದೂ ಮೋಡಿ ಲಿಪಿಯಲ್ಲಿ. ಕೈ ಎತ್ತದೆ ಒಂದೇ ಓಟಕ್ಕೆ ಬರೆದ ಹಾಗಿರುವ ಅಕ್ಷರ. ನಾನು ಮೋಡಿ ಓದುವುದು ಇವತ್ತಿಗೂ ಒಂದನೇ ಕ್ಲಾಸಿನ ಮಗುವಿನ ವೇಗದಲ್ಲಿ. ಇನ್ನು ಕಮಿಷನರ್ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಚಿತ್ರದುರ್ಗ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅವರಿಗೆ ಇದು ಚಿತಲ್‌ಡ್ರೂಗ್. ಹಳೇ ಸೂಚಿಗಳಲ್ಲಿ ಆ ಹೆಸರಿನ ಕೆಳಗೇ ನೋಡಬೇಕು.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಹಾಳೆ ಸಿಕ್ಕಿದ್ದು ಎರಡನೇ ತಿಂಗಳಲ್ಲಿ. ಅಣ್ಣ ತೋರಿಸಿದ ಆ ಮೂಲೆಯ ರಾಶಿಯ ತಳದಲ್ಲಿ ಒಂದೇ ಬಿಡಿ ಹಾಳೆ. ಕಂದು ಬಣ್ಣಕ್ಕೆ ತಿರುಗಿದ ಶಾಯಿ. ಮೇಲೆ ಊರಿನ ಹೆಸರು ಹರಿದುಹೋಗಿದೆ. ತಾರೀಖು ಅಂತ ಇರುವುದು ಇಷ್ಟೇ: ಈಶ್ವರ ಸಂವತ್ಸರ, ಕಾರ್ತೀಕ ಮಾಸ. ಕೆಳಗೆ ಹೆಸರುಗಳ ಪಟ್ಟಿ. ಹೆಸರು, ತಂದೆಯ ಹೆಸರು, ಜಮೀನು, ಕಂದಾಯ ಬಾಕಿ. ಕೊನೆಯ ಅಂಕಣದಲ್ಲಿ ಷರಾ. ಕೆಲವರ ಮುಂದೆ "ಪರಾರಿ". ಜಾಸ್ತಿ ಜನರ ಮುಂದೆ "ಫೌತಿ", ಅಂದರೆ ಸತ್ತಿದ್ದಾರೆ.

ಫೌತಿ ಅನ್ನೋ ಪದ ನಮ್ಮ ರೈತರಿಗೆ ಇವತ್ತಿಗೂ ಗೊತ್ತು. ಫೌತಿ ಖಾತೆ ಮಾಡಿಸೋಕೆ ಅಲೆಯದ ಮನೆ ಯಾವುದಿದೆ? ಆದರೆ ಒಂದೇ ಹಾಳೆಯಲ್ಲಿ ಅದು ಅಷ್ಟು ಸಲ ಬಂದದ್ದನ್ನು ನಾನು ನೋಡಿರಲಿಲ್ಲ. ಬರೆದ ಶ್ಯಾನುಭೋಗರು ಮೊದಲ ಏಳೆಂಟು ಹೆಸರಿನ ಮುಂದೆ "ಫೌತಿ" ಅಂತ ಪೂರ್ತಿ ಬರೆದಿದ್ದಾರೆ. ಆಮೇಲೆ ಬರೀ "ಫೌ". ಕೊನೆಕೊನೆಗೆ ಅದೂ ಇಲ್ಲ, ಮೇಲಿನದೇ ಅನ್ನೋ ಹಾಗೆ ಎರಡು ಗೀಟು.

ಯಾವ ವರ್ಷದ್ದು? ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಈಶ್ವರ ಸಂವತ್ಸರ 1817ರಲ್ಲೂ ಬಂದಿತ್ತು, 1877ರಲ್ಲೂ ಬಂತು, 1937ರಲ್ಲೂ ಬಂತು. 1876ರ ಧಾತು, 1877ರ ಈಶ್ವರ, ಇವೆರಡೂ ಮೈಸೂರು ಸೀಮೆಯ ಮಹಾ ಬರದ ವರ್ಷಗಳು. ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಜಾಸ್ತಿ ಇದ್ದ ಜನ, 1881ರ ಗಣತಿಗೆ 42 ಲಕ್ಷದೊಳಗೆ ಇಳಿದಿದ್ದರು. ಪಟ್ಟಿ ನೋಡಿದ ಕೂಡಲೇ ನನ್ನ ಮನಸ್ಸು 1877 ಅಂತ ಹೇಳಿತು. ಆದರೆ ಮನಸ್ಸು ಹೇಳಿದ್ದನ್ನು ಕ್ಯಾಟಲಾಗಿನಲ್ಲಿ ಬರೆಯುವಂತಿಲ್ಲ. 1817ರಲ್ಲಿ ಆ ಹಳ್ಳಿಗೆ ಬೇರೆ ಏನೋ ಆಪತ್ತು ಬಂದಿರಬಹುದಲ್ವಾ? ಸಾಕ್ಷಿ ಬೇಕು.

ಸಾಕ್ಷಿ ಕೊಟ್ಟದ್ದು ಹುಳ. ಆ ಹಾಳೆಯಲ್ಲಿ ಮೂರು ತೂತುಗಳಿದ್ದವು. ಕಾಗದ ಕೊರೆಯುವ ಹುಳ ಒಂದು ಹಾಳೆ ತಿಂದು ನಿಲ್ಲುವುದಿಲ್ಲ. ಕಟ್ಟಿನ ಮೇಲಿನಿಂದ ಕೆಳಗಿನವರೆಗೆ ಸುರಂಗದ ಹಾಗೆ ಕೊರೆಯುತ್ತಾ ಹೋಗುತ್ತದೆ. ಅಕ್ಕಪಕ್ಕದ ಹಾಳೆಗಳಲ್ಲಿ ತೂತು ಒಂದೇ ಜಾಗದಲ್ಲಿ ಬೀಳುತ್ತದೆ. ಅಣ್ಣ ಹೇಳಿದ ಬೀರುವಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಹೋದೆವು. ನಾಲ್ಕು ದಿನ. ಐದನೇ ದಿನ ಒಂದು ಕಟ್ಟಿನಲ್ಲಿ ಅದೇ ಮೂರು ತೂತು, ಅದೇ ಅಂತರ. ಮೇಲಿನ ಹಾಳೆಗಳಲ್ಲಿ ದೊಡ್ಡ ತೂತು ಸಾಸಿವೆ ಕಾಳಿನಷ್ಟು. ಕೆಳಗೆ ಹೋಗ್ತಾ ಹೋಗ್ತಾ ರಾಗಿ ಕಾಳಿನಷ್ಟು. ನಮ್ಮ ಬಿಡಿ ಹಾಳೆಯದು ಸಾಸಿವೆಗಿಂತ ಚಿಕ್ಕದು, ರಾಗಿಗಿಂತ ದೊಡ್ಡದು. ಒಂದೊಂದು ಜಾಗದಲ್ಲಿ ಇಟ್ಟು ನೋಡುತ್ತಾ ಬಂದಾಗ ಎರಡು ಹಾಳೆಗಳ ನಡುವೆ ಅದು ಸರಿಯಾಗಿ ಕೂತಿತು. ಮೂರು ತೂತಿನಲ್ಲೂ ಬೆಳಕು ಬಂತು.

ಮೇಲಿನ ಹಾಳೆ ಅಮಲ್ದಾರರ ಕಚೇರಿಯದು. ಕಂದಾಯ ಕೊಡಲಾಗದವರ ಪಟ್ಟಿ ಕಳಿಸಿ ಅಂತ ಕೇಳಿದ ಪತ್ರ. ಅದರ ಮೇಲೆ ಇಂಗ್ಲಿಷ್ ತಾರೀಖು ಇತ್ತು, ನವೆಂಬರ್ 1877. ಕೆಳಗಿನ ಹಾಳೆಯಲ್ಲಿ ಊರಿನ ಹೆಸರು ಪೂರ್ತಿ ಇತ್ತು.

ಅಣ್ಣ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರು ಗಟ್ಟಿಯಾಗಿ ಓದಿದರು. ಕೆಲವು ಹೆಸರು ಇವತ್ತಿಗೂ ಈ ಕಡೆ ಇಡುವಂಥವೇ. ಮೊದಲ ದಿನ ವರ್ಷದ ಪ್ರಕಾರ ಜೋಡಿಸಿದ್ದರೆ ಈ ಹಾಳೆ "ತಾರೀಖು ಇಲ್ಲದ್ದು" ಅನ್ನೋ ರಾಶಿಗೆ ಹೋಗಿ, ಅಲ್ಲಿಂದ ಬೆಂಕಿಗೆ ಹೋಗಬಹುದಿತ್ತು. ಆ ಜನರ ಹೆಸರು ಬೇರೆ ಎಲ್ಲಿಯಾದರೂ ಬರೆದಿದೆ ಅಂತ ನನಗೆ ಅನ್ನಿಸುವುದಿಲ್ಲ.

ಬೆಂಕಿಯ ವಿಷಯ ಬಂತಲ್ಲ, ಅದನ್ನೂ ಹೇಳಬೇಕು. ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ಸರ್ಕಾರಿ ಕಡತಗಳಿಗೆ ವರ್ಗ ಇದೆ. ಎ ವರ್ಗ ಶಾಶ್ವತ. ಬಿ 30 ವರ್ಷ, ಸಿ 10, ಡಿ 5, ಇ ಒಂದೇ ವರ್ಷ. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ, ಒಪ್ಪಿಗೆ ಪಡೆದು ನಾಶ ಮಾಡಬೇಕು. ಕಾಗದದ ಗುಡ್ಡೆ ಕರಗದಿದ್ದರೆ ಮುಖ್ಯವಾದದ್ದೂ ಅದರಡಿ ಕೊಳೆಯುತ್ತದೆ, ಹಾಗಾಗಿ ಈ ನಿಯಮ ಬೇಕು. ಆದರೆ ವರ್ಗ ನಿಗದಿಯಾಗುವುದು ಕಚೇರಿಯ ಅಗತ್ಯ ನೋಡಿ. ಮುಂದೊಂದು ದಿನ ಊರಿಗೆ ಏನು ಬೇಕಾಗುತ್ತದೆ ಅನ್ನೋದನ್ನು ನೋಡಿ ಅಲ್ಲ.

ಒಂದು ಉದಾಹರಣೆ. 1930ರ ದಶಕದ ಅಬಕಾರಿ ಲೆಕ್ಕದ ಪುಸ್ತಕವೊಂದು ನಾಶದ ಪಟ್ಟಿಯಲ್ಲಿತ್ತು. ಹೆಂಡಕ್ಕೆ ಗುತ್ತಿಗೆ ಕೊಟ್ಟ ಈಚಲು ಮರಗಳ ಎಣಿಕೆ, ಹಳ್ಳಿವಾರು. ನಿಯಮದ ಪ್ರಕಾರ ಅದರ ಕಾಲ ಯಾವಾಗಲೋ ಮುಗಿದಿತ್ತು. ಆದರೆ 1939ರಲ್ಲಿ ಇದೇ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ನಡೆದದ್ದೇನು? ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಜನ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು, ಜೈಲಿಗೆ ಹೋದರು. ಆ ಮರಗಳಿಂದ ಸರ್ಕಾರಕ್ಕೆ ಎಷ್ಟು ಬರುತ್ತಿತ್ತು, ಯಾವ ಹಳ್ಳಿಯಲ್ಲಿ ಎಷ್ಟು ಮರ ಇತ್ತು ಅಂತ ತಿಳಿಯದೆ, ಕೊಡಲಿ ಯಾಕೆ ಅಲ್ಲಿಗೇ ಬಿತ್ತು ಅಂತ ಹೇಗೆ ಅರ್ಥವಾಗುತ್ತದೆ? ಅಧಿಕಾರಿಗಳ ಮುಂದೆ ಮುಕ್ಕಾಲು ಗಂಟೆ ಕೂತು ಇದನ್ನೇ ಹೇಳಿದೆ. ಅವರು ಕೇಳಿದರು: "ಹಿಂಗೆ ಹೇಳ್ತಾ ಹೋದ್ರೆ ಯಾವುದು ಬೇಡ ಮೇಡಂ?" ನ್ಯಾಯವಾದ ಪ್ರಶ್ನೆ. ನಾನು ಅವತ್ತು ಸಾದಿಲ್ವಾರು, ಅಂದರೆ ಕಚೇರಿಯ ಚಿಲ್ಲರೆ ಖರ್ಚಿನ, ರಸೀದಿಗಳ ಹನ್ನೆರಡು ಗಂಟು ಬಿಟ್ಟುಕೊಟ್ಟೆ, ಈಚಲು ಮರದ ಪುಸ್ತಕ ಉಳಿಸಿಕೊಂಡೆ. ಆ ಹನ್ನೆರಡರಲ್ಲಿ ನನಗೆ ಕಾಣದ್ದು ಏನಾದರೂ ಇತ್ತೇನೋ ಅಂತ ಈಗಲೂ ಅನ್ನಿಸುತ್ತದೆ.

ಈಗ ತಾಲ್ಲೂಕು ಕಚೇರಿಗಳಲ್ಲಿ ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ದಾಖಲೆಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ಬಹಳ ಒಳ್ಳೆ ಕೆಲಸ. ಒಂದು ನಕಲಿಗಾಗಿ ರೈತ ನಾಲ್ಕು ಸಲ ಬಸ್ಸು ಹತ್ತುವುದು ತಪ್ಪುತ್ತದೆ, ಹಾಳೆಯನ್ನು ಪದೇ ಪದೇ ಮುಟ್ಟುವುದೂ ತಪ್ಪುತ್ತದೆ. ಆದರೆ ಸ್ಕ್ಯಾನ್ ಆಯ್ತಲ್ಲ ಅಂತ ಮೂಲವನ್ನು ಬಿಡಬಾರದು. ಹುಳದ ಸುರಂಗ, ದಾರದ ಗಂಟು, ಮುಳ್ಳಿನ ಗುರುತು ಯಾವುದೂ ಆ ಚಿತ್ರದಲ್ಲಿ ಸರಿಯಾಗಿ ಬರುವುದಿಲ್ಲ.

ದಾವಣಗೆರೆ ಕಡೆಯವರು ತಮ್ಮ ಊರಿನ ಹಳೇ ಕಾಗದ ಹುಡುಕುವಾಗ ಒಂದು ನೆನಪಿಟ್ಟುಕೊಳ್ಳಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಬಳ್ಳಾರಿಯಿಂದ ಬಂದು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಅಂದ್ರೆ ಮದ್ರಾಸ್ ಪ್ರಾಂತ್ಯ, ಅಲ್ಲಿನ ಕಾಗದದ ರೀತಿಯೇ ಬೇರೆ. ಊರು ಇವತ್ತು ಎಲ್ಲಿದೆ ಅಂತ ನೋಡಬೇಡಿ, ಕಾಗದ ಬರೆದ ದಿನ ಯಾರ ಕೈಯಲ್ಲಿತ್ತು ಅಂತ ನೋಡಿ.

ರಿಪೇರಿ ಕೆಲಸದ ಬಗ್ಗೆ ಎರಡು ಮಾತು. ಹರಿದ ಕಾಗದಕ್ಕೆ ಸೆಲ್ಲೋ ಟೇಪ್ ಅಂಟಿಸಬೇಡಿ. ಕೆಲವೇ ವರ್ಷಕ್ಕೆ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ತೆಗೆಯಲು ನಾವು ಪಡುವ ಪಾಡು ಹೇಳತೀರದು. ಅಂಗಡಿಯಲ್ಲಿ ಮಾಡಿಸುವ ಪ್ಲಾಸ್ಟಿಕ್ ಲ್ಯಾಮಿನೇಷನ್ನೂ ಬೇಡ. ನಾವು ಬಳಸುವುದು ಬಹಳ ತೆಳುವಾದ ಜಪಾನಿ ಟಿಶ್ಯೂ ಕಾಗದ, ಗೋಧಿಯ ಅಂಟು. ಗೋಧಿ ಹಿಟ್ಟಿನ ಜಿಗುಟು ತೊಳೆದು ತೆಗೆದ ಮೇಲೆ ಉಳಿಯುವ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತಾ ಇರಬೇಕು. ಗೋಧಿ ಹಾಲು ತೆಗೆದು ಹಲ್ವ ಮಾಡುವ ಹೆಣ್ಣುಮಕ್ಕಳಿಗೆ ಈ ಹದ ಯಾರೂ ಹೇಳಿಕೊಡಬೇಕಿಲ್ಲ. ಅಂಟಿಸುವ ಮುಂಚೆ ಒಂದು ಮೂಲೆಯ ಅಕ್ಷರಕ್ಕೆ ಒದ್ದೆ ಬ್ಲಾಟಿಂಗ್ ಪೇಪರಿನ ಚೂರು ಒತ್ತಿ, ಶಾಯಿ ಬಿಡುತ್ತದೋ ಅಂತ ನೋಡಬೇಕು. ಬಿಟ್ಟರೆ ನೀರು ತಾಗಿಸುವಂತಿಲ್ಲ. ಮುಂದೆ ಯಾರಿಗಾದರೂ ನಮ್ಮ ರಿಪೇರಿ ಸರಿ ಕಾಣದಿದ್ದರೆ, ಹಾಳೆಗೆ ನೋವಾಗದೆ ಬಿಡಿಸಿ ತೆಗೆಯುವ ಹಾಗಿರಬೇಕು. ಗೋಧಿ ಅಂಟು ಬಳಸುವುದು ಅದಕ್ಕೇ.

ಕೆಲಸ ಮುಗಿಯುತ್ತಾ ಬಂದಾಗ ಚಳ್ಳಕೆರೆ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದರು. ಶ್ಯಾನುಭೋಗಿಕೆ ಮಾಡಿದ ಮನೆತನ. ಸೀರೆ ತುಂಡಿನಲ್ಲಿ ಸುತ್ತಿದ್ದ ಒಂದು ಕಪ್ಪು ಹಲಗೆಯಂಥದ್ದನ್ನು ಮೇಜಿನ ಮೇಲಿಟ್ಟರು. "ಅಟ್ಟದ ಮೇಲಿತ್ತು ಕಣಮ್ಮ. ಒಲೆಗೆ ಹಾಕಾಕೆ ಮನಸ್ಸು ಬರಲ್ಲ, ಇಟ್ಕಳಾಕೆ ಜಾಗ ಇಲ್ಲ" ಅಂದರು. ಬಿಚ್ಚಿದರೆ ಅದು ನಿಜವಾದ ಕಡತ. ನಾವು ಈಗ ಕಚೇರಿ ಫೈಲಿಗೆ ಕಡತ ಅಂತೀವಲ್ಲ, ಆ ಹೆಸರು ಬಂದದ್ದು ಇದರಿಂದಲೇ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಹಿಂದಕ್ಕೂ ಮುಂದಕ್ಕೂ ಮಡಚಿ ಇಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಅಕ್ಷರ. ಲೆಕ್ಕ ಮುಗಿದರೆ ಒರೆಸಿ ಮತ್ತೆ ಬರೆಯಬಹುದಿತ್ತು.

ಒರೆಸಬಹುದು ಅನ್ನೋದೇ ಅಪಾಯ. ಮೊದಲ ಎರಡು ಮಡಿಕೆ ಖಾಲಿ ಇದ್ದವು. ಮೊಮ್ಮಗ ತಲೆ ತಗ್ಗಿಸಿ ಹೇಳಿದ: "ಧೂಳು ಅಂತ ಒದ್ದೆ ಬಟ್ಟೇಲಿ ಒರೆಸಿಬಿಟ್ಟೆ ಮೇಡಂ." ನಾನು ಅವನಿಗೆ ಏನೂ ಅನ್ನಲಿಲ್ಲ. ನನ್ನ ಆ ಎರಡು ಗಂಟು ನೆನಪಾದವು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರನೇ ಮಡಿಕೆ ತೆರೆದೆ. ಓರೆ ಬೆಳಕು ಬಿಟ್ಟು ಫೋಟೋ ತೆಗೆಯುವುದು ಹೇಗೆ ಅಂತ ತೋರಿಸಿದೆ. ರಾಗಿ, ಹುರುಳಿ, ಕೊಳಗದ ಲೆಕ್ಕ, ದೇವಸ್ಥಾನದ ದೀಪದ ಎಣ್ಣೆಯ ಲೆಕ್ಕ ಒಂದರ ಕೆಳಗೊಂದು ಕಾಣಿಸತೊಡಗಿದವು. ಅಜ್ಜಿ ಎದುರಿಗೆ ಕೂತು, "ಕೊಳಗ ಅಂದ್ರೆ ನಮ್ಮನೇಲಿ ಇನ್ನೂ ಐತೆ" ಅಂದರು. ಕೊಳಗವನ್ನೂ ತರಲು ಹೇಳಿದೆ, ಎಷ್ಟು ಸೇರು ಹಿಡಿಯುತ್ತದೆ ಅಂತ ಅಳೆದು ಬರೆದುಕೊಳ್ಳಲು.

ಹನ್ನೊಂದು ಮಡಿಕೆ ಆಗುವಷ್ಟರಲ್ಲಿ ಮೋಡ ಕವಿದು ಹನಿ ಬೀಳತೊಡಗಿತು. ಗಾಳಿಯಲ್ಲಿ ತೇವ ಇರುವಾಗ ಬಳಪದ ಅಕ್ಷರ ಎದುರಿನ ಮಡಿಕೆಗೆ ಅಂಟಿಕೊಳ್ಳಬಹುದು. ಹನ್ನೊಂದರ ಹತ್ತಿರ ಬಿಳಿ ದಾರ ಇಟ್ಟು ಮಡಚಿದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ನಂಬರ್ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ಅಜ್ಜಿಯ ಸೀರೆ ತುಂಡನ್ನೂ ಅದರ ಪಕ್ಕದಲ್ಲೇ ಇಟ್ಟೆ. ಮೊಮ್ಮಗ ಸೋಮವಾರ ಬರ್ತೀನಿ ಅಂದಿದ್ದಾನೆ. ಹವೆ ಒಣಗಿದ್ದರೆ ಹನ್ನೆರಡನೇ ಮಡಿಕೆ ತೆರೆಯುತ್ತೇವೆ.